ಪುಟ್ಟನಂಜಮ್ಮನ ಬಾಗಿಲ ನೋಟೀಸು

ನೋಟೀಸು ಕಾಣೆಯಾಗಿದೆ ಎಂಬ ಸಂಗತಿ ಪುಟ್ಟನಂಜಮ್ಮನಿಗೆ ಗೊತ್ತಾದದ್ದು ಸತ್ಯಮಂಗಲದ ಕೋರ್ಟಿನಲ್ಲಿ. ಅಂಥದೊಂದು ನೋಟೀಸು ಇತ್ತು ಎಂಬ ಸಂಗತಿಯೂ ಅವಳಿಗೆ ಗೊತ್ತಾದದ್ದು ಅಲ್ಲೇ, ಅದೇ ಗಳಿಗೆಯಲ್ಲಿ.

2006ರ ಏಪ್ರಿಲ್. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಎದುರು ಪಕ್ಷದ ವಕೀಲರು ಎದ್ದು ನಿಂತು ತಮಿಳಿನಲ್ಲಿ ಹೇಳಿದ್ದಿಷ್ಟು: ಫೆಬ್ರವರಿ ಹದಿನೈದು, ಬುಧವಾರ, ಬಾಡಿಗೆದಾರಳು ಕೈಗೆ ಸಿಗದ ಕಾರಣ ಮನೆ ಖಾಲಿ ಮಾಡುವ ನೋಟೀಸನ್ನು ಅವಳ ಬಾಗಿಲಿಗೆ ಅಂಟಿಸಲಾಯಿತು. ಹದಿನೈದು ದಿನದ ಗಡುವು ಮುಗಿದರೂ ಅವಳು ಜಾಗ ಬಿಟ್ಟಿಲ್ಲ. ಬಿಡುವುದಿರಲಿ, ಗುರುವಾರ ಬೆಳಗಾಗುವುದರೊಳಗೆ ನೋಟೀಸನ್ನೇ ಕಿತ್ತು ಮಾಯ ಮಾಡಿದ್ದಾಳೆ. ಕಾನೂನಿನ ಕಾಗದವನ್ನು ಕದ್ದವಳು ಕಾನೂನಿನ ನೆರಳು ಕೇಳುವುದೆ?

ಆಧಾರ ಎರಡು. ನೋಟೀಸು ಅಂಟಿಸಿದ ರಾಚಪ್ಪನ ಪ್ರಮಾಣಪತ್ರ. ಮತ್ತೊಂದು, ಮೂಲೆಯಲ್ಲಿ ತಾರೀಕು ಬಿದ್ದಿರುವ ಫೋಟೋ. ಹಸಿರು ಬಣ್ಣದ ಮರದ ಬಾಗಿಲು, ಅದರ ಮೇಲೆ ಬಿಳಿ ಕಾಗದ.

ಜಡ್ಜಿ ಫೋಟೋ ನೋಡಿದರು. ಪುಟ್ಟನಂಜಮ್ಮನನ್ನೂ ನೋಡಿದರು.

"ಕಣ್ಣಾಣೆ, ನಾ ಕಂಡಿಲ್ಲ ಸಾಮಿ," ಎಂದಳು ಅವಳು.

ಕಣ್ಣಾಣೆಗೆ ಕೋರ್ಟಿನಲ್ಲಿ ಮುದ್ರೆ ಒತ್ತುವವರಿಲ್ಲ. ನೋಟೀಸು ಸರಿಯಾಗಿ ಮುಟ್ಟಿಲ್ಲವೆಂದು ಹನ್ನೆರಡು ದಿನದ ವಾಯಿದೆಯಲ್ಲಿ ತೋರಿಸಿ, ಇಲ್ಲವಾದರೆ ಜಾಗ ಬಿಡುವ ಆದೇಶ ಬರೆಯಬೇಕಾಗುತ್ತದೆ ಎಂದು ಜಡ್ಜಿ ಹೇಳಿದರು.

ಆ ಜಾಗವೆಂದರೆ, ತಮಿಳುನಾಡಿಗೆ ಸೇರಿದರೂ ಕನ್ನಡವಾಡುವ ನಮ್ಮ ಪಣಕಹಳ್ಳಿಯ ರಸ್ತೆ ಬದಿಯ ಎರಡು ಕೋಣೆ. ಮುಂದಿನದರಲ್ಲಿ ಟೀ ಅಂಗಡಿ, ಹಿಂದಿನದರಲ್ಲಿ ಪುಟ್ಟನಂಜಮ್ಮನ ಸಂಸಾರ, ಎಂದರೆ ಅವಳು ಮತ್ತು ಅವಳ ಒಲೆ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಮೊದಲ ಬಸ್ಸು ಹತ್ತುವವರಿಗೆಲ್ಲ ಅವಳದೇ ಟೀ. ಭಾನುವಾರ ಅಲ್ಲಿ ನಮ್ಮ ಓದುಗರ ಬಳಗ ಸೇರುತ್ತದೆ. ಮೇಲುಕೇರಿ, ಕೆಳಕೇರಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಥರದ ಲೋಟದಲ್ಲಿ ಕುಡಿಯುವ ಅಂಗಡಿ ಈ ಸೀಮೆಯಲ್ಲಿ ಮೊದಲು ತೆರೆದದ್ದು ಅದೇ. ಅದು ಹೋದರೆ ಪುಟ್ಟನಂಜಮ್ಮನಿಗೆ ಬೇರೆ ಸೂರಿಲ್ಲ. ನಮಗೆ ಬೇರೆ ಬೆಂಚಿಲ್ಲ.

ಕಟ್ಟಡದ ಒಡೆಯ ರುದ್ರಸ್ವಾಮಿ. ಅದನ್ನು ಕೆಡವಿ ಕೋಸಿನ ಲಾರಿಗಳಿಗೆ ಮಂಡಿ ಕಟ್ಟಬೇಕೆಂಬುದು ಅವರ ಆಸೆ. ಬಾಡಿಗೆದಾರರನ್ನು ಎಬ್ಬಿಸುವ ಒಡೆಯರಿಗೆ ಒಂದು ಕ್ರಮವಿದೆ: ಮೊದಲು ನೀರು ನಿಲ್ಲಿಸುತ್ತಾರೆ, ಆಮೇಲೆ ದಾರಿ ಮುಚ್ಚುತ್ತಾರೆ, ಎರಡಕ್ಕೂ ಬಗ್ಗದಿದ್ದರೆ ಕಾನೂನನ್ನು ಕರೆಯುತ್ತಾರೆ. ರುದ್ರಸ್ವಾಮಿಯೂ ನಾಲ್ಕು ವರ್ಷದ ಹಿಂದೆ ಹಿತ್ತಲ ಬಾವಿಯ ನೀರು ನಿಲ್ಲಿಸಿ, ಅಂಗಡಿಯ ಹಿಂಬಾಗಿಲಿಗೆ ತಮ್ಮ ಕಡೆಯಿಂದ ಅಗುಳಿ ಜಡಿದಿದ್ದರು. ಪುಟ್ಟನಂಜಮ್ಮ ರಸ್ತೆಯಾಚೆಯ ಬೋರಿನಿಂದ ನೀರು ಹೊತ್ತಳು, ಟೀ ಮಾತ್ರ ನಿಲ್ಲಿಸಲಿಲ್ಲ.

ಈ ಪ್ರಕರಣ ಹಿಡಿದವಳು ಲೋಕೇಶ್ವರಿ. ತಾಳವಾಡಿ ಬಸ್ಸು ನಿಲ್ಲುವ ಕಡೆ ಟೈಪ್‌ರೈಟರ್ ಇಟ್ಟುಕೊಂಡು ತಮಿಳಿನಲ್ಲೂ ಕನ್ನಡದಲ್ಲೂ ಅರ್ಜಿ ಬರೆದು ಕೊಡುವವಳು. ನಮ್ಮ ಬಳಗದಲ್ಲಿ ಕಾನೂನಿನ ಪುಸ್ತಕವನ್ನು ಕಥೆಯ ಹಾಗೆ ಓದುವವಳು ಅವಳೊಬ್ಬಳೇ. ನಾನು ಉಮಾಶಂಕರ, ಎರಡೂವರೆ ಎಕರೆಯ ರಾಗಿ, ಜೋಳದವನು. ನನ್ನ ಮೊಪೆಡ್ಡಿನ ಹಿಂದಿನ ಸೀಟು ಆ ಹನ್ನೆರಡು ದಿನ ಅವಳದೇ ಆಗಿತ್ತು.

ನಮ್ಮ ವಕೀಲರಿಂದ ಪಡೆದ ಫೋಟೋ ನಕಲನ್ನು ಅವಳು ಅಂಗಡಿಯ ಬೆಂಚಿನ ಮೇಲಿಟ್ಟು ಒಂದು ಲೋಟ ಟೀ ಆರಿ ಹೋಗುವವರೆಗೆ ನೋಡಿದಳು.

"ಶಂಕ್ರಣ್ಣ, ಇದ್ರಲ್ಲಿ ಏನ್ ಕಾಣ್ತದ?"

ಬಾಗಿಲು, ಕಾಗದ, ತಾರೀಕು ಎಂದೆ.

"ಕಾಗದದ ಸುತ್ತ?"

ನೋಡಿದೆ. ಕಾಗದದ ಅಂಚಿನಿಂದ ಕೆಳಕ್ಕೆ ಮೂರು ನಾಲ್ಕು ಕಂದು ಗೆರೆ ಇಳಿದಿದ್ದವು. ಫೋಟೋ ತೊಳೆಯುವಾಗ ಕೆಟ್ಟಿರಬೇಕು ಎಂದೆ. ಅವಳು ಎದ್ದು ಹೋಗಿ ಅಂಗಡಿಯ ಬಾಗಿಲು ನೋಡಿದಳು. ಅದೂ ಹಸಿರೇ. ಮುಂದಿನದೂ ಹಿಂದಿನದೂ ಒಬ್ಬನೇ ಆಚಾರಿ ಮಾಡಿದ, ಒಂದೇ ಡಬ್ಬದ ಬಣ್ಣ ಕಂಡ ಬಾಗಿಲುಗಳು.

ಆಮೇಲೆ ವಿಚಾರಣೆ ಶುರುವಾಯಿತು. ಮೊದಲು, ದಿನಾ ಐದು ಗಂಟೆಗೆ ಟೀ ಕುಡಿಯುವ ಆರು ಮಂದಿ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದಳು. ಬುಧವಾರ ಸಂಜೆ ಬಾಗಿಲ ಮೇಲೆ ಕಾಗದ ಇತ್ತೆ? ಇರಲಿಲ್ಲ. ಗುರುವಾರ ಬೆಳಿಗ್ಗೆ? ಇರಲಿಲ್ಲ. ನೋಡದೆ ಇದ್ದಿರಬಹುದಲ್ಲ? ಆರು ಮಂದಿಗೂ ಈ ಪ್ರಶ್ನೆಯಿಂದ ಅವಮಾನವಾಯಿತು. ಪೇಪರು ಬರುವುದು ಒಂಬತ್ತರ ಬಸ್ಸಿಗೆ. ಅಲ್ಲಿಯವರೆಗೆ ಓದಲು ಏನೂ ಸಿಗದೆ ಬೋಂಡ ಕಟ್ಟಿದ ಕಾಗದವನ್ನೇ ಬಿಚ್ಚಿ ಓದುವ ಜನ ಇವರು. ಬಾಗಿಲ ಮೇಲೆ ಒಂದು ಹಾಳೆ ಬಿದ್ದಿದ್ದರೆ ಬಾಯಿಪಾಠ ಒಪ್ಪಿಸುತ್ತಿದ್ದರು.

ಹಾಗಾದರೆ ರಾಚಪ್ಪ ಸುಳ್ಳು ಹೇಳುತ್ತಿದ್ದಾನೆಯೆ? ಫೋಟೋ?

ರಾಚಪ್ಪ ರುದ್ರಸ್ವಾಮಿಯ ಹೊಲದಲ್ಲಿ ಕೋಸಿಗೆ ನೀರು ಕಟ್ಟುತ್ತಿದ್ದ. ನಮ್ಮನ್ನು ಕಂಡು ಗುದ್ದಲಿಯನ್ನು ಎರಡು ಸಲ ಅತ್ತ, ಎರಡು ಸಲ ಇತ್ತ ಇಟ್ಟ.

"ಅಂಟಿಸಿದ್ದು ನಿಜವಾ ರಾಚಣ್ಣ?"

"ನಿಜ ಕಣವ್ವ. ನನ್ ಕೈಯಾರ ಅಂಟಿಸ್ದಿ."

"ಯಾವ ಬಾಗ್ಲಿಗೆ?"

"ಅಂಗಡಿ ಬಾಗ್ಲಿಗೆ ಅಂತ ಕಾಗ್ದದಲ್ಲಿ ಬರ್ಸವ್ರಲ್ಲ."

"ಕಾಗ್ದದಲ್ಲಿ ಏನದ ಅಂತ ಕೇಳ್ನಿಲ್ಲ ಕಣಣ್ಣ."

ರಾಚಪ್ಪ ಇನ್ನೊಂದು ಮಡಿಗೆ ನೀರು ತಿರುಗಿಸಿದ. ಅವಳು ಆ ಪ್ರಶ್ನೆ ಅಲ್ಲಿಗೇ ಬಿಟ್ಟು, ಎರಡು ತಿಂಗಳಿಂದ ನಂಜಕ್ಕನ ಟೀಗೆ ಯಾಕೆ ಬರುತ್ತಿಲ್ಲ ಎಂದು ವಿಚಾರಿಸಿದಳು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪಿಸದವನು. ಡಾಕ್ಟರು ಟೀ ಬೇಡ ಅಂದಿದ್ದಾರೆ ಎಂದ. ಯಾವ ಡಾಕ್ಟರು? ಕೋಸಿನ ಮಡಿಯೊಂದು ಒಡೆದು ನೀರು ದಾರಿಗೆ ಹರಿಯಿತು.

"ಅಂವ ಸುಳ್ಳು ಯೋಳ್ತಾವ್ನ," ಎಂದೆ ನಾನು ಮೊಪೆಡ್ ಒದೆಯುತ್ತ.

"ಇಲ್ಲ. ನಿಜ ಯೋಳ್ತಾವ್ನ. ಅದುಕ್ಕೇ ಅಂಗ ಬೆವರ್ತಾವ್ನ."

ರುದ್ರಸ್ವಾಮಿಯ ಮನೆಗೆ ಹೋಗುವುದು ಬೇಡವೆಂದು ನಾನು ತಡೆದೆ. ಎದುರು ಕಕ್ಷಿದಾರರ ಮನೆ. ಅವಳು ಕೇಳಲಿಲ್ಲ. ಜಗಲಿಯ ಮೇಲೆ ಕೂತಿದ್ದ ರುದ್ರಸ್ವಾಮಿ ನಮ್ಮನ್ನು ಕಂಡು ರೇಗಲಿಲ್ಲ. ಅವರಿಗೆ ತಮ್ಮ ದುಃಖವನ್ನು ಯಾರಿಗಾದರೂ ಹೇಳಿಕೊಳ್ಳಬೇಕಾಗಿತ್ತು. ಕೆಲಸಕ್ಕೆ ಬಾರದ ಕಾಗದವೆಂದುಕೊಂಡಿರಾ, ವಕೀಲರ ಸೀಲು ಬಿದ್ದ ಕಾಗದ ಎಂದರು. ಬುಧವಾರ ಸಂಜೆ ಹಾಲು ಕರೆಯುವಾಗ ಇತ್ತು, ಗುರುವಾರ ಬೆಳಿಗ್ಗೆ ಹಾಲು ಕರೆಯುವಾಗ ಇರಲಿಲ್ಲ, ತಾವೇ ಕಣ್ಣಾರೆ ಕಂಡಿದ್ದೇವೆ ಎಂದರು. ಹೆಂಗಸೊಬ್ಬಳು ಇಷ್ಟು ಧೈರ್ಯ ಮಾಡಬಹುದೆಂದು ಎಣಿಸಿರಲಿಲ್ಲವಂತೆ.

ನನಗೆ ಆಶ್ಚರ್ಯವಾದದ್ದು ಒಂದೇ. ಆ ಮನುಷ್ಯರ ಸಿಟ್ಟು ನಿಜವಾದ ಸಿಟ್ಟು. ಕಳಕೊಂಡವರ ಮುಖವನ್ನು ನಟಿಸುವುದು ಅಷ್ಟು ಸುಲಭವಲ್ಲ. ಪುಟ್ಟನಂಜಮ್ಮನ ಮುಖದಲ್ಲೂ ನಿಜ, ರಾಚಪ್ಪನ ಬೆವರಿನಲ್ಲೂ ನಿಜ, ಇವರ ಸಿಟ್ಟಿನಲ್ಲೂ ನಿಜ. ಎಲ್ಲರೂ ನಿಜ ಹೇಳಿದರೆ ನೋಟೀಸು ಎಲ್ಲಿ ಹೋಯಿತು?

ಅಷ್ಟರಲ್ಲಿ ರುದ್ರಸ್ವಾಮಿಯ ತಾಯಿ ಮಹಾಲಿಂಗಮ್ಮ ಮಜ್ಜಿಗೆ ತಂದರು. ಎಂಬತ್ತರ ಮುದುಕಿ. ಮಜ್ಜಿಗೆ ಕುಡಿದ ಲೋಕೇಶ್ವರಿ ಇಂಥ ಮಜ್ಜಿಗೆ ಕೊಡುವ ಹಸುವನ್ನು ನೋಡಬೇಕಲ್ಲ ಅವ್ವ ಎಂದಳು. ಹಸುವನ್ನು ಹೊಗಳಿದರೆ ಮಹಾಲಿಂಗಮ್ಮ ಬೀಗದ ಕೈಯನ್ನೇ ಕೊಟ್ಟಾರು. ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ರುದ್ರಸ್ವಾಮಿ ನನ್ನೆದುರು ತಮ್ಮ ದುಃಖವನ್ನು ಮೊದಲಿನಿಂದ ಶುರು ಮಾಡಿದರು. ನಾನು ತಲೆಯಾಡಿಸುತ್ತಲೇ ಜಗಲಿಯ ತುದಿಗೆ ಜರುಗಿ ಹಿತ್ತಲ ಕಡೆ ಕಣ್ಣು, ಕಿವಿ ಕೊಟ್ಟೆ.

ಹಿತ್ತಲಲ್ಲಿ ಕೆಂಪಿ ಎಂಬ ಕಂದು ಹಸು ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಮಹಾಲಿಂಗಮ್ಮ ಅದರ ಕಲಗಚ್ಚಿನ ವೈಭವ ಹೇಳುತ್ತಿದ್ದರು. ರಾಗಿ ಅಂಬಲಿ, ಅಕ್ಕಿ ತೊಳೆದ ನೀರು, ಹಿಂಡಿ, ಒಂದು ಹಿಡಿ ಉಪ್ಪು. ಅದರ ಪಾಲನ್ನು ಯಾರಾದರೂ ಮುಟ್ಟಿದರೆ ಕೆಂಪಿ ಬಾಯಿ ಮಾಡುತ್ತದಂತೆ.

"ಶಿವರಾತ್ರಿಗಿಂತ ಮುಂಚೆ ಒಂದಿನ ಈ ರಾಚ ಬಂದು ಮಡಕೆಯಿಂದ ಒಂದು ಚೆಂಬು ಗಟ್ಟಿ ಕಲಗಚ್ಚ ಎತ್ಕೊಂಡೋದ ಕಣ. ಯಾಕ್ಲಾ ಅಂದ್ರ ಬಾಯ್ಬುಡ್ನಿಲ್ಲ. ಅವತ್ತೆಲ್ಲ ಕೆಂಪಿ ಒಂದೇ ಸಮ ಕೂಗಾಡ್ತಿತ್ತು."

"ಮಾರ್ನೆ ದಿನ?"

"ಮಾರ್ನೆ ದಿನ ಮೇವೇ ಮುಟ್ನಿಲ್ಲ. ಒಟ್ಟೆ ತುಂಬ್ದಂಗ ನಿಂತಿತ್ತು. ದೃಷ್ಟಿ ತಗುಲ್ತು ಅಂತ ಮೆಣಸಿನಕಾಯಿ ನೀವಾಳಿಸ್ದಿ."

ಲೋಕೇಶ್ವರಿ ಹಸುವಿನ ಬೆನ್ನು ತಟ್ಟುತ್ತ ಅದರ ಹಿಂದಿದ್ದ ಗೋಡೆಯ ಕಡೆ ನಡೆದಳು. ಆ ಗೋಡೆಯಲ್ಲಿ ಒಂದು ಬಾಗಿಲಿತ್ತು. ಹಿತ್ತಲ ಕಡೆಯಿಂದ ಅಗುಳಿ ಜಡಿದ ಬಾಗಿಲು. ಅದನ್ನು ಅಂಗೈಯಿಂದ ಸವರಿದಳು. ಅಗುಳಿಯ ಸಂದಿಗೆ ಉಗುರು ಹಾಕಿ ಏನನ್ನೋ ಎಳೆದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಳು. ಏನದು ಎಂದು ಮಹಾಲಿಂಗಮ್ಮನಿಗೂ ತೋರಿಸಿದಳು, ನೀವು ನೋಡಿದ್ದಕ್ಕೆ ಸಾಕ್ಷಿ ಇರಿ ಅವ್ವ ಎಂದಳು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿ ಇರ್ತೀನಿ ಬುಡು ಎಂದರು.

ದಾರಿಯುದ್ದಕ್ಕೂ ನಾನು ಕೇಳಿದೆ, ಅವಳು ಹೇಳಲಿಲ್ಲ. ಮನೆಗೆ ಹೋಗಿ ಒಂದು ಹಾಳೆಯ ತುಂಬ ಪ್ರಶ್ನೆ ಟೈಪು ಮಾಡಿ ನಮ್ಮ ವಕೀಲರಿಗೆ ಕಳಿಸಿದಳು.

ವಾಯಿದೆಯ ದಿನ ಪಣಕಹಳ್ಳಿಯ ಅರ್ಧ ಬೆಂಚು ಕೋರ್ಟಿನಲ್ಲಿತ್ತು. ಪುಟ್ಟನಂಜಮ್ಮ ಇಪ್ಪತ್ತೆರಡು ವರ್ಷದಲ್ಲಿ ಎರಡನೆಯ ಸಲ ಒಲೆ ಆರಿಸಿದ್ದಳು, ಎರಡು ಸಲವೂ ಕೋರ್ಟಿಗಾಗಿ. ರಾಚಪ್ಪ ಕಟಕಟೆ ಹತ್ತಿದ. ಅವನ ಮಾತಿನಲ್ಲಿ ಜಡ್ಜಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಗುಮಾಸ್ತರು ತಮಿಳಿಗೆ ತಿರುಗಿಸುತ್ತಿದ್ದರು.

ನಮ್ಮ ವಕೀಲರು ಹಾಳೆ ನೋಡಿಕೊಂಡು ಕೇಳಿದರು.

"ಆ ಕಟ್ಟಡಕ್ಕೆ ಎಷ್ಟು ಬಾಗಿಲು?"

"ಎಲ್ಡು ಬುದ್ದಿ."

"ಇಲ್ಲಿ ಬುದ್ದಿ ಅನ್ನಬೇಕಾಗಿಲ್ಲ. ಮುಂಬಾಗಿಲ ಮುಂದೆ ಏನಿದೆ?"

"ಟಾರು ರೋಡು."

"ನೋಟೀಸು ಅಂಟಿಸುವಾಗ ನಿಮ್ಮ ಕಾಲಡಿ ಏನಿತ್ತು?"

ರಾಚಪ್ಪ ರುದ್ರಸ್ವಾಮಿಯನ್ನು ನೋಡಿದ. ಆಮೇಲೆ ಪುಟ್ಟನಂಜಮ್ಮನನ್ನು ನೋಡಿದ. ಅವಳು ಸಿಟ್ಟು ಮಾಡಿಕೊಂಡಿರಲಿಲ್ಲ, ಸೊರಗಿದ್ದೀಯಲ್ಲ ಎನ್ನುವ ಹಾಗೆ ನೋಡುತ್ತಿದ್ದಳು. ಅದನ್ನು ಅವನಿಗೆ ತಡೆಯಲಾಗಲಿಲ್ಲ.

"ಸಗಣಿ," ಎಂದ.

ಗುಮಾಸ್ತರು ತಿರುಗಿಸಿ ಹೇಳುವ ಮೊದಲೇ ನಮ್ಮ ಬೆಂಚು ನಕ್ಕಿತು. ಜಡ್ಜಿ ಮೇಜು ತಟ್ಟಿದರು.

ಮುಂದಿನದು ಸರಸರ ನಡೆಯಿತು. ಅಂಟಿಸಿದ್ದು ಒಡೆಯರ ದನದ ಹಿತ್ತಲಿಗೆ ತೆರೆಯುವ ಹಿಂಬಾಗಿಲಿಗೆ. ಆ ಬಾಗಿಲಿಗೆ ಅಗುಳಿ ಜಡಿದವರೂ ಒಡೆಯರೇ. ಹಿಂಬಾಗಿಲಿಗೇ ಅಂಟಿಸು ಎಂದವರೂ ಅವರೇ. ಪುಟ್ಟನಂಜಮ್ಮನ ಕೈಗೆ ಕೊಡಲು ಹೋಗಿದ್ದಿರಾ? ಇಲ್ಲ. ಅವತ್ತು ಅವಳು ಎಲ್ಲಿದ್ದಳು? ಅಂಗಡಿಯಲ್ಲೇ, ಗೋಡೆಯಾಚೆ ಟೀ ಎತ್ತಿ ಹೊಯ್ಯುವ ಸದ್ದು ಕೇಳುತ್ತಿತ್ತು. ವಕೀಲರು ಬೆಂಕಿಪೊಟ್ಟಣ ತೆರೆದರು. ಅಗುಳಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಾಗದದ ಚೂರು, ಅದರ ಮೇಲೆ ನೇರಳೆ ಸೀಲಿನ ಕಾಲು ಭಾಗ. ತಮ್ಮದೇ ಸೀಲನ್ನು ಎದುರು ಪಕ್ಷದ ವಕೀಲರಿಗೆ ಇಲ್ಲವೆನ್ನಲಾಗಲಿಲ್ಲ.

ಜಡ್ಜಿ ಹೇಳಿದ್ದು ಸ್ವಲ್ಪವೇ. ನೋಟೀಸು ಬಾಡಿಗೆದಾರಳ ಕೈ ಸೇರಬೇಕು. ಅದು ಸಾಧ್ಯವಾಗದಿದ್ದರೆ ಮಾತ್ರ ಅವಳ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು. ಒಡೆಯ ತಾನೇ ಮುಚ್ಚಿದ ಬಾಗಿಲಿಗೆ ತನ್ನದೇ ಹಿತ್ತಲಿನಲ್ಲಿ ಅಂಟಿಸಿ ತಾನೇ ಓದಿಕೊಂಡರೆ ಅದು ನೋಟೀಸಲ್ಲ. ದಾವಾ ವಜಾ.

ಪುಟ್ಟನಂಜಮ್ಮನಿಗೆ ವಜಾ ಎಂದರೇನೆಂದು ನಾನು ಹೇಳಬೇಕಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅಂಗಾದ್ರೆ ಬೆಳಿಗ್ಗೆಗೆ ಹಾಲು ಹೇಳಬೇಕಲ್ಲಾ ಎಂದಳು.

ಊರಿಗೆ ಹೋಗುವ ಬಸ್ಸು ಒಂದೇ. ಗೆದ್ದವರೂ ಸೋತವರೂ ಅದರಲ್ಲೇ ಘಾಟಿಯ ಇಪ್ಪತ್ತೇಳು ತಿರುವು ಹತ್ತಬೇಕು. ತಿರುವು ಮುಗಿಯುವ ದಿಂಬಂನಲ್ಲಿ ಡ್ರೈವರ್ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದ. ಎಲ್ಲರೂ ಇಳಿದೆವು. ತಣ್ಣನೆ ಗಾಳಿ ಬೀಸುತ್ತಿತ್ತು. ಟೀ ಅಂಗಡಿಯ ಮುಂದೆ ನಮ್ಮ ಗುಂಪು ಮದುವೆ ದಿಬ್ಬಣದ ಹಾಗಿತ್ತು.

ರುದ್ರಸ್ವಾಮಿ ಒಂದು ಮಾರು ದೂರ ನಿಂತಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ಕೋರ್ಟು ಏನಾರ ಯೋಳ್ಲಿ. ನಾ ಅಂಟಿಸಿದ್ದ ಕಾಗ್ದವ ರಾತ್ರೋರಾತ್ರಿ ಗೋಡೆ ಆರಿ ಬಂದು ಕಿತ್ತೋಳು ಇವಳೇ. ಇಲ್ಲ ಅಂದ್ರ ಯಾರು? ಯೋಳಿ ನೋಡವ."

ನನ್ನ ಪ್ರಶ್ನೆಯೂ ಅದೇ ಆಗಿತ್ತು. ಲೋಕೇಶ್ವರಿ ಲೋಟ ಕೆಳಗಿಟ್ಟು ಚೀಲದಿಂದ ಫೋಟೋ ತೆಗೆದಳು.

"ಈ ಕಂದು ಗೆರೆ ನೋಡಿ. ಶಂಕ್ರಣ್ಣ ಫೋಟೋ ಕೆಟ್ಟದ ಅಂದ. ಕೋರ್ಟಲ್ಲಿ ಎಲ್ರೂ ಕಾಗ್ದ ನೋಡಿದ್ರು, ಯಾರೂ ಅಂಟು ನೋಡ್ನಿಲ್ಲ. ಮೈದಾ ಅಂಟಾಗಿದ್ರ ಬೆಳ್ಳಗಿರ್ತಿತ್ತು. ಇದು ರಾಗಿ."

ರಾಗಿಯ ಅಂಟನ್ನು ನಮ್ಮ ಬಳಗಕ್ಕೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ತಾಳಮಲೆಗೆ ಇನ್ನೊಂದು ಬಸ್ಸು ಬೇಕೆಂದು ಎರಡು ವರ್ಷದ ಹಿಂದೆ ಮೂವತ್ತು ಪೋಸ್ಟರು ಅಂಟಿಸಿದ್ದೆವು. ಅಂಬಲಿ ಕಾಯಿಸಿ ಗೊಟಾಯಿಸಿದ ಅಂಟು, ಖರ್ಚಿಲ್ಲ, ಕಲ್ಲಿನ ಹಾಗೆ ಹಿಡಿಯುತ್ತದೆ. ಆದರೆ ಅದಕ್ಕೆ ಚೂರು ಮೈಲುತುತ್ತ ಕಲಸಬೇಕು. ನಾವು ಮರೆತಿದ್ದೆವು. ಬೆಳಗಾಗುವುದರೊಳಗೆ ಊರ ದನ ಮೂವತ್ತರಲ್ಲಿ ಇಪ್ಪತ್ತಾರನ್ನು ಮೇಯ್ದು, ಉಳಿದ ನಾಲ್ಕಕ್ಕೆ ಕತ್ತು ಎಟುಕದೆ ಬಿಟ್ಟಿದ್ದವು.

"ರಾಚಣ್ಣಂಗ ಅಂಟು ಕಾಯ್ಸಕ ಒತ್ತಿರ್ನಿಲ್ಲ," ಎಂದಳು ಲೋಕೇಶ್ವರಿ. "ಕೆಂಪಿ ಮಡಕೆಯಿಂದ್ಲೇ ಒಂದು ಚೆಂಬು ಎತ್ಕೊಂಡ. ಉಪ್ಪೂ ಹಿಂಡೀನೂ ಬಿದ್ದಿರೊ ಕಲಗಚ್ಚು. ಅದ ಬಳಿದು ಕೆಂಪಿ ಮೂತಿ ಮುಂದುಕ್ಕೇ ಅಂಟಿಸಿದ್ರ ಅದು ಓದ್ತಾ ಕೂರ್ತದಾ? ನಾ ಕೈಯಾಡಿಸ್ದಾಗ ಆ ಬಾಗ್ಲು ಒಂದು ಹಾಳೆ ಅಗಲ ಕನ್ನಡಿಯಂಗ ನುಣ್ಣಗಿತ್ತು, ಬಣ್ಣನೂ ಹೋಗಿತ್ತು. ನಾಲಿಗೆ ಹೋಗ್ದೆ ಇದ್ದ ಜಾಗ ಅಗುಳಿ ಸಂದಿ ಒಂದೇ."

ಯಾರೂ ಟೀ ಕುಡಿಯುತ್ತಿರಲಿಲ್ಲ. ಟೀ ಅಂಗಡಿಯವನೂ ಹೊಯ್ಯುವುದನ್ನು ನಿಲ್ಲಿಸಿದ್ದ.

"ನಂಗ ಗುಮಾನಿ ಬಂದುದ್ದು ಗೆರೆಯಿಂದ. ಗಟ್ಟಿಯಾದುದ್ದು ಮಾತ್ರ ನಿಮ್ಮ ಬಾಯಿಂದ," ಎಂದು ಅವಳು ರುದ್ರಸ್ವಾಮಿಯ ಕಡೆ ತಿರುಗಿದಳು. "ಸಂಜೆ ಹಾಲು ಕರೆವಾಗ ಇತ್ತು, ಬೆಳಿಗ್ಗೆ ಹಾಲು ಕರೆವಾಗ ಇಲ್ಲ ಅಂದ್ರಿ. ನೀವು ಹಾಲು ಕರೆಯೋದು ರೋಡಲ್ಲಾ? ಅಂಗಡಿ ಮುಂಬಾಗ್ಲು ನಿಮ್ಮ ಕೊಟ್ಟಿಗೆಯಿಂದ ಕಾಣಾಕಿಲ್ಲ. ಕಾಣೋದು ಇಂಬಾಗ್ಲು ಒಂದೇ."

ರುದ್ರಸ್ವಾಮಿ ಫೋಟೋ ಕಸಿದು ಕಣ್ಣಿನ ಹತ್ತಿರ ಹಿಡಿದರು.

"ಕಾಗ್ದ ತಿಂದದ್ದು ಕೆಂಪಿ. ಅದು ಪಾಪ, ತನ್ನ ಪಾಲು ತಿಂತು. ಕಳ್ಳರು ಯಾರು ಅಂದ್ರಾ? ನೀವು. ಯೋಚನೆ ಮಾಡಾಕ, ವಕೀಲರ ಕೇಳಾಕ, ಬೇರೆ ಜಾಗ ನೋಡಾಕ ಅಂತ ಕಾನೂನು ನಂಜಕ್ಕಂಗ ಹದಿನೈದು ದಿನ ಕೊಟ್ಟದ. ಆ ಹದಿನೈದು ದಿನವ ಅಗುಳಿ ಹಾಕಿ ಕದ್ದೋರು ನೀವು ಸ್ವಾಮೇರೆ."

ಮೊದಲು ನಕ್ಕವನು ಕಂಡಕ್ಟರ್. ಆಮೇಲೆ ದಿಂಬಂ ಪೂರ್ತಿ ನಕ್ಕಿತು. ಮಾದೇವಮ್ಮ ಎಂಬ ಸೊಪ್ಪು ಮಾರುವ ಹೆಂಗಸು, ಕೇಸಿನ ತಲೆಬುಡ ಗೊತ್ತಿಲ್ಲದವಳು, ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡಳು. ರಾಚಪ್ಪ ಬಸ್ಸಿನ ಮರೆಯಲ್ಲಿ ನಿಂತು ನಗುತ್ತಿದ್ದ. ರುದ್ರಸ್ವಾಮಿಯ ಮೀಸೆಯ ಕೆಳಗೂ ಏನೋ ಅಲುಗಿದ ಹಾಗಾಯಿತು. ಆದರೆ ಒಡೆಯತನ ನಗುವನ್ನು ನುಂಗಿಕೊಂಡಿತು.

"ಹೊಸ ನೋಟೀಸು ಕಳಿಸ್ತೀನಿ," ಎಂದರು. "ಈ ಸಲ ಸರಿಯಾಗಿ ಕಳಿಸ್ತೀನಿ."

ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ನಮಗೆಲ್ಲ ಗೊತ್ತು.

ಪುಟ್ಟನಂಜಮ್ಮ ಬೇರೆಯವರು ಮಾಡಿದ ಟೀಯನ್ನು ಒಂದು ಗುಟುಕು ಕುಡಿದು, ಮುಖ ಕಿವುಚಿ, ಟೀ ಸೊಪ್ಪು ಇನ್ನೂ ಕುದೀಬೇಕಿತ್ತು ಕಣಪ್ಪ ಎಂದು ಅಂಗಡಿಯವನಿಗೆ ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ. ಸೆರಗು ಸಿಕ್ಕಿಸಿ ಒಳಗೆ ಹೋದಳು, ಅವನನ್ನು ಪಕ್ಕಕ್ಕೆ ಸರಿಸಿದಳು, ಪಾತ್ರೆ ಒಲೆಗೆ ಹತ್ತಿರ ಎಳೆದಳು. ಎತ್ತಿ ಹೊಯ್ದ ಟೀ ನೊರೆ ಕಟ್ಟಿತು. ಒಂದು ಲೋಟ ಹಿಡಿದುಕೊಂಡು ಬಂದು ರುದ್ರಸ್ವಾಮಿಯ ಮುಂದೆ ನಿಂತಳು.

"ಕಳ್ಸಿ ಸಾಮಿ. ನಿಮ್ಮ ಜಾಗ, ನಿಮ್ಮ ಕಾಗ್ದ. ಬೆಳಿಗ್ಗೆ ಐದಕ್ಕೆ ಬಾಗ್ಲು ತೆಗೀತೀನಿ, ರೋಡ್ ಕಡೆಯಿಂದ ಬಂದು ಕೈಗೇ ಕೊಡಿ. ಓದೋರು ಆರು ಜನ ಅವ್ರ, ಉತ್ತರ ಬರೆಯೋಳು ಒಬ್ಬಳವ್ಳ. ನಾ ಎಲ್ಗೂ ಓಗಾಕಿಲ್ಲ."

ಬಸ್ಸು ಹಾರನ್ ಹೊಡೆಯಿತು. ರುದ್ರಸ್ವಾಮಿ ಲೋಟ ತೆಗೆದುಕೊಂಡರು.